ಸೇತುವೆ ಕುಸಿದ ಸುದ್ದಿ

"ಇದ್ರಲ್ಲಿ ಸುದ್ದಿ ಎಲ್ಲಿದೆ ಸಾರ್?" ಎಂದು ಆಕೆ ಪರದೆಯಿಂದ ಕಣ್ಣೆತ್ತಿ ಕೇಳಿದಳು. ಅವನು ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಕೂರುವುದಕ್ಕೇ ಅವನಿಗೆ ಸಂಬಳ.

"ಎಲ್ಲಿರಬಹುದು ಅಂತ ನಿಮಗನ್ಸುತ್ತೆ?" ಎಂದು ಕಲಿತ ಪಾಠ ಒಪ್ಪಿಸಿದ.

"ನನಗನ್ಸಿದ್ದು ಕಟ್ಕೊಂಡು ನಿಮಗೇನಾಗ್ಬೇಕು? ಹಾಸಿಗೆ ಇದೆ, ತಲೆಗೆ ಹಚ್ಚೋ ಎಣ್ಣೆ ಇದೆ, ಯಾರೋ ನಟಿ ಮದುವೆ ಇದೆ. ಸುದ್ದಿ ಮಾತ್ರ ದುರ್ಬೀನು ಹಾಕಿ ಹುಡುಕ್ಬೇಕು." ಆಕೆ ನಕ್ಕಳು. "ಅಕ್ಷರ ಹೀಗೇ ಇರುವೆ ಸಾಲಿನ ಥರ ಇರ್ಲಿ ಬಿಡಿ. ನನ್ನ ಅಂಗಡಿಗೆ ಗಿರಾಕಿ ಜಾಸ್ತಿ ಆಗ್ತಾರೆ."

ಆಕೆಗೆ ಕನ್ನಡಕದ ಅಂಗಡಿಯಿತ್ತು. ವಯಸ್ಸು ಐವತ್ತರ ಆಸುಪಾಸು. ಸುದ್ದಿ ಜಾಲತಾಣವೊಂದು ಹೊಸ ರೂಪದಲ್ಲಿ ಹೊರಬರುವ ಮೊದಲು, ಸಾಮಾನ್ಯ ಓದುಗರು ಅದರಲ್ಲಿ ಎಲ್ಲಿ ಎಡವುತ್ತಾರೆ ಎಂದು ತಿಳಿಯಲು ಕರೆಸಿದವರಲ್ಲಿ ಆಕೆಯೂ ಒಬ್ಬಳು. ಒಳಗೆ ಬರುವ ಮುನ್ನ ಫೋನನ್ನು ಸ್ವಾಗತದ ಮೇಜಿನಲ್ಲಿ ಕೊಟ್ಟು ಬರಬೇಕು. ಕೋಣೆಗೆ ಕಿಟಕಿಯಿರಲಿಲ್ಲ. ಒಂದು ಗೋಡೆಯ ತುಂಬ ಕನ್ನಡಿ. ಅದರ ಹಿಂದೆ ಮ್ಯಾನೇಜರೂ ವಿನ್ಯಾಸ ಮಾಡಿದ ಹುಡುಗಿಯೂ ಕೂತು ನೋಡುತ್ತಿದ್ದರು. ಅವರ ಮಾತು ಅವನ ಒಂದು ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನಿನಲ್ಲಿ ಮಾತ್ರ ಕೇಳುತ್ತಿತ್ತು.

ಕಚೇರಿಯಲ್ಲಿ ಅವನ ಹೆಸರು ಮೌನಿ. ಮನಃಶಾಸ್ತ್ರ ಓದಿದ್ದ. ಮನುಷ್ಯನ ಮನಸ್ಸನ್ನು ಅರಿಯುವ ಹುಮ್ಮಸ್ಸಿತ್ತು ಆಗ. ಈಗ ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡುತ್ತಿದ್ದ. ಮನಸ್ಸಿಗಿಂತ ಬೆರಳು ವಾಸಿ, ಸುಳ್ಳು ಹೇಳುವುದಿಲ್ಲ ಎಂದು ಸಮಾಧಾನ ಹೇಳಿಕೊಂಡಿದ್ದ.

ಪುಟದಲ್ಲಿದ್ದ ಸುದ್ದಿಗಳನ್ನು ಬರೆದವನು ಅವನೇ. ನಿಜವಾದ ಸುದ್ದಿಯಾದರೆ ಜನ ಮೊದಲೇ ಓದಿರುತ್ತಾರೆ, ಪರೀಕ್ಷೆ ಕೆಡುತ್ತದೆ. ಹಾಗಾಗಿ ನಿನ್ನೆ ಕಾಫಿ ಕುಡಿಯುತ್ತ ಒಂದಷ್ಟು ಹೊಸೆದಿದ್ದ. ಎಲ್ಲಕ್ಕಿಂತ ಮೇಲೆ: 'ಹಳೇ ಸೇತುವೆ ಕುಸಿತ, ನದಿಗೆ ಬಿದ್ದ ಬಸ್ಸು.' ಬಸ್ಸನ್ನು ಆಮೇಲೆ ಸೇರಿಸಿದ್ದು. ಅದಿಲ್ಲದೆ ಸಾಲು ಪುಟದ ಅಗಲಕ್ಕೆ ಸಾಲುತ್ತಿರಲಿಲ್ಲ.

ಸುದ್ದಿಗಳು ಕಲ್ಪಿತ ಎಂದು, ಬಂದವರಿಂದ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಬರೆದಿತ್ತು. ಅದನ್ನು ಯಾರೂ ಓದುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆಕೆ ಹಾಸಿಗೆಯ ಜಾಹೀರಾತನ್ನು ಕೊನೆಗೂ ಪಕ್ಕಕ್ಕೆ ಸರಿಸಿದಳು. ಶೀರ್ಷಿಕೆ ಕಾಣಿಸಿತು. ನಗು ಮುಖದ ಮೇಲೇ ಉಳಿಯಿತು, ಆದರೆ ಅದರ ಒಡತಿ ಅಲ್ಲಿರಲಿಲ್ಲ.

"ಯಾವ ಸೇತುವೆ?" ಎಂದಳು.

ಅವನು ಟಿಪ್ಪಣಿ ಪುಸ್ತಕದ ಹೊಸ ಹಾಳೆ ತಿರುವಿದ.

"ನಮ್ಮೆಜಮಾನ್ರು ನದಿ ಆಚೆಗೆ ಹೋಗಿದಾರೆ. ಗಾಜು ತರೋಕೆ. ವಾಪಸ್ ಬರೋ ಹೊತ್ತು ಇದು." ಆಕೆಯ ಬೆರಳು 'ಪೂರ್ತಿ ಓದಿ' ಎಂಬುದನ್ನು ಒತ್ತಿತು. ಪುಟ ಮೇಲಕ್ಕೆ ಜಾರಿ ಜಾಹೀರಾತು ಮತ್ತೆ ಬಂತು. ಮುಚ್ಚುವ ಗುರುತು ಮೂಲೆಯಲ್ಲಿ ಸಾಸಿವೆಯಷ್ಟು. ಆಕೆ ಒತ್ತಿದ್ದು ತಪ್ಪಿ, ಗಂಡಹೆಂಡತಿ ನಗುತ್ತ ಹೊಸ ಹಾಸಿಗೆಯ ಮೇಲೆ ಬೀಳುವ ವಿಡಿಯೊ ಶುರುವಾಯಿತು.

ಅವನಿಗೆ ಬಾಯಿ ತೆರೆಯಬೇಕೆನಿಸಿತು. ಕಿವಿಯಲ್ಲಿ ಮ್ಯಾನೇಜರ್ ಪಿಸುಗುಟ್ಟಿದ: "ಮೌನಿ, ಮಾತಾಡ್ಬೇಡ. ಇಷ್ಟು ಗಮನ ಕೊಟ್ಟು ಇವತ್ತು ಯಾರೂ ನೋಡಿಲ್ಲ."

ಅದು ನಿಜವಾಗಿತ್ತು. ಬೆಳಗಿನಿಂದ ಬಂದವರೆಲ್ಲ ಆಕಳಿಸುತ್ತ ಒತ್ತಿ ಹೋಗಿದ್ದರು. ಈಕೆ ಹುಡುಕುತ್ತಿದ್ದಳು. ಅವನು ಬರೆದುಕೊಂಡ: ಹಿಂದಕ್ಕೆ ಹೋಗುವ ದಾರಿ ಕಾಣುತ್ತಿಲ್ಲ. ಬರೆಯುವಾಗ ತನ್ನೊಳಗೆ ಹಿತವಾದ ಏನೋ ಅಲುಗಿತೆಂದು ಅವನಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಪೆನ್ನು ನಿಲ್ಲಲಿಲ್ಲ. ಅವನಿಗೆ ಮೊದಲು ಹೆದರಿಕೆಯಾದದ್ದು ಆಗ.

"ಸಾರ್, ಎಷ್ಟು ಜನ ಅಂತ ಎಲ್ಲಿ ಬರ್ದಿದಾರೆ? ಬಸ್ಸಿನ ನಂಬರಾದ್ರೂ..." ಆಕೆಯ ದನಿ ಒಣಗಿತ್ತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು, ತಪ್ಪು ಗಾಜಿನದ್ದೇ ಎಂಬಂತೆ. "ನೀವು ಇದೇ ಕೆಲಸದೋರಲ್ವಾ? ಸ್ವಲ್ಪ ತೋರ್ಸಿಕೊಡಿ. ನಿಮ್ಮ ದಮ್ಮಯ್ಯ."

"ಅದು ಸುಳ್ಳು ಮೇಡಂ," ಎಂದ ಅವನು. ಕಿವಿಯಲ್ಲಿ ಮ್ಯಾನೇಜರ್ ನಿಟ್ಟುಸಿರುಬಿಟ್ಟ. "ಯಾವ ಸೇತುವೆನೂ ಬಿದ್ದಿಲ್ಲ. ಪರೀಕ್ಷೆಗೆ ಅಂತ ನಾನೇ ಬರ್ದಿದ್ದು."

ಆಕೆ ಪರದೆಯನ್ನು ನೋಡಿದಳು. ಅವನನ್ನು ನೋಡಿದಳು. ಎರಡರಲ್ಲಿ ಯಾವುದನ್ನು ನಂಬುವುದೆಂದು ತೂಗುವಂತಿತ್ತು.

"ಸುಳ್ಳಾಗಿದ್ರೆ ಇಷ್ಟೊತ್ತು ಯಾಕೆ ಬಾಯಿ ಮುಚ್ಕೊಂಡಿದ್ರಿ?"

"ನಿಯಮ ಹಾಗಿದೆ."

"ನನ್ನ ಸಮಾಧಾನಕ್ಕೆ ಹೇಳ್ತಿದೀರಾ. ನಿಮ್ಮ ಮುಖಾನೇ ಹೇಳ್ತಿದೆ. ಎಷ್ಟು ಬೆಳ್ಳಗಾಗಿದೆ ನೋಡ್ಕೊಳ್ಳಿ." ಆಕೆ ಕನ್ನಡಿಯತ್ತ ಕೈತೋರಿಸಿದಳು. ಅವನು ತಿರುಗಿ ನೋಡಿದ. ನಿಜ, ಸತ್ತವರ ಸುದ್ದಿ ಹೊತ್ತು ಬಂದವನ ಮುಖ.

ಆಕೆ ಎದ್ದು ಹೊರಟೇಬಿಟ್ಟಳು. ಸ್ವಾಗತದ ಮೇಜಿನಿಂದ ಫೋನನ್ನು ಕಸಿದುಕೊಂಡಳು. ಬಾಗಿಲಲ್ಲಿ ನಿಂತು ಗಂಡನಿಗೆ ಮಾಡಿದಳು. ಅತ್ತ ಗಂಟೆ ಬಾರಿಸುವುದು ಹಿಂದೆಯೇ ಬಂದಿದ್ದ ಅವನಿಗೂ ಕೇಳಿಸಿತು. ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ.

"ಬಸ್ಸಲ್ಲಿ ಗದ್ದಲ ಇರುತ್ತೆ, ಕೇಳ್ಸಿರಲ್ಲ," ಎಂದ ಅವನು.

"ಯಾವ ಬಸ್ಸಲ್ಲಿ?" ಎಂದಳು ಆಕೆ. ಅವನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲಿಳಿದು ಎದುರಿಗೆ ಬಂದ ಟ್ಯಾಕ್ಸಿ ಹತ್ತಿದಳು.

ಮ್ಯಾನೇಜರ್ ಹೊರಗೆ ಬಂದು ಅವನ ಭುಜ ತಟ್ಟಿದ. "ಹೋಗ್ಲಿ ಬಿಡೋ. ಗಂಡ ಮನೆಗೆ ಬಂದ್ಮೇಲೆ ನಗ್ತಾಳೆ."

ವಿನ್ಯಾಸದ ಹುಡುಗಿ ಕೇಳಿದಳು: "ಶೀರ್ಷಿಕೆ ದೊಡ್ಡದಾಯ್ತು ಅನ್ಸುತ್ತಾ ಸಾರ್?"

"ಇಲ್ಲ," ಎಂದ. "ಸರಿಯಾಗೇ ಇದೆ."

ಮೊಗಸಾಲೆಯಲ್ಲಿ ನಿಂತು ಫೋನಿನಲ್ಲಿ ನಿಜವಾದ ಸುದ್ದಿಗಳನ್ನು ತೆರೆದ. ಸೇತುವೆಯ ಮಾತೇ ಇರಲಿಲ್ಲ. ಮತ್ತೊಂದು ಜಾಲತಾಣ, ಮತ್ತೊಂದು. ಎಲ್ಲೂ ಇಲ್ಲ. ಇಲ್ಲದಿರುವುದು ಸಮಾಧಾನ ಕೊಡಬೇಕಿತ್ತು. ಇನ್ನೂ ಬಂದಿಲ್ಲ ಎಂದಷ್ಟೇ ಅನ್ನಿಸಿತು. ನಾಚಿಕೆಯಾದರೂ ಹೆಂಡತಿಗೆ ಫೋನು ಮಾಡಿದ.

"ಎಲ್ಲಿದೀಯಾ?"

"ಬಸ್ಸಲ್ಲಿ."

"ಯಾವ ಬಸ್ಸಲ್ಲಿ?"

"ಅಕ್ಕನ ಮನೆಗೆ ಹೋಗ್ತೀನಿ ಅಂತ ಬೆಳಗ್ಗೆ ಹೇಳಿದ್ನಲ್ಲ. ನೀವು ಹೂಂ ಅಂದ್ರಿ."

ಹೂಂ ಅಂದದ್ದು ನೆನಪಿತ್ತು. ಯಾವುದಕ್ಕೆ ಎಂಬುದು ನೆನಪಿರಲಿಲ್ಲ. ಅವರ ಮನೆಯಿದ್ದದ್ದು ನದಿಯಾಚೆ, ಅಕ್ಕನದು ಈಚೆ ದಡದಲ್ಲಿ. "ಸೇತುವೆ ದಾಟಿದ್ಯಾ?"

"ಇನ್ನೂ ಇಲ್ಲ. ಯಾಕೆ?"

"ಸುಮ್ನೆ."

"ಸುಮ್ನೆ ಫೋನ್ ಮಾಡೋ ಜಾತಿ ಅಲ್ಲ ನೀವು. ಇದೂ ನಿಮ್ಮ ಪರೀಕ್ಷೆನಾ?"

ಇಳಿದುಬಿಡು ಎನ್ನಬೇಕಿತ್ತು. ಯಾಕೆ ಎಂದರೆ? ನಾನು ಬರೆದ ಸುಳ್ಳಿಗೆ ನಾನೇ ನಡುಗುತ್ತಿದ್ದೇನೆ ಎನ್ನಲೇ? ಹೆದರಿಕೆಯಾಗಿದೆ ಎಂಬ ಮಾತನ್ನು ಈ ಹೆಂಗಸಿನ ಹತ್ತಿರ ಒಮ್ಮೆಯೂ ಆಡಿರಲಿಲ್ಲ. ಹೇಗೆ ಶುರುಮಾಡುವುದೆಂದೇ ತಿಳಿಯಲಿಲ್ಲ.

"ಏನಿಲ್ಲ. ಹುಷಾರು," ಎಂದ.

"ಏನ್ರೀ ಆಗಿದೆ ನಿಮಗೆ?" ಎಂದಳು. ಆ ದನಿ ಅಪರಿಚಿತವಾಗಿತ್ತು, ಮೆತ್ತಗಿತ್ತು. ಅಷ್ಟರಲ್ಲಿ ಸಂಪರ್ಕ ಕಡಿಯಿತು. ಮತ್ತೆ ಮಾಡಿದರೆ ಸಿಗಲಿಲ್ಲ.

ಅವನು ಯಾರಿಗೂ ಹೇಳದೆ ಬೀದಿಗಿಳಿದ. ಮೊದಲು ನಡೆದ, ಆಮೇಲೆ ಓಡಿದ. ಹೊಟ್ಟೆ ಅಡ್ಡ ಬರುವ ವಯಸ್ಸಿನವನು ಪ್ಯಾಂಟು ಎತ್ತಿಹಿಡಿದು ಓಡುವುದನ್ನು ಜನ ನಿಂತು ನೋಡಿದರು.

ಸೇತುವೆ ಇತ್ತು. ಯಾವತ್ತಿನ ಹಾಗೆಯೇ ಇತ್ತು. ಕೆಳಗೆ ನದಿ ಬೇಸಿಗೆಯ ಸೋಮಾರಿತನದಲ್ಲಿ ಹರಿಯುತ್ತಿತ್ತು. ಅವನು ಕಟಕಟೆ ಹಿಡಿದು ಏದುಸಿರು ಬಿಟ್ಟ. ಒಂದು ಹೆಜ್ಜೆ ಮುಂದಿಡಲು ನೋಡಿದ. ಕಾಲು ಮಾತು ಕೇಳಲಿಲ್ಲ.

ಸೈಕಲ್ಲಿನವನೊಬ್ಬ ನಿಲ್ಲಿಸಿದ. "ಏನಾಯ್ತು ಸಾರ್?"

"ಏನಿಲ್ಲ."

"ಮತ್ತೆ ಯಾಕೆ ಹಿಂಗೆ ನಿಂತಿದೀರಿ?"

ಅವನು ಕಟಕಟೆಯನ್ನು ಇನ್ನೂ ಬಿಗಿಯಾಗಿ ಹಿಡಿದ. ಸೈಕಲ್ಲಿನವನು ಅವನ ಮುಖ ನೋಡಿದ, ಸೇತುವೆ ನೋಡಿದ, ಸೈಕಲ್ಲನ್ನು ಎರಡಡಿ ಹಿಂದಕ್ಕೆ ತಳ್ಳಿದ. ಹಿಂದಿನಿಂದ ಸ್ಕೂಟರೊಂದು ಬಂದು ನಿಂತಿತು, ಅದರ ಹಿಂದೊಂದು ವ್ಯಾನು.

"ಸೇತುವೆಗೆ ಏನೋ ಆಗಿದೆಯಂತೆ."

"ಯಾರಂದ್ರು?"

"ಇವ್ರು ನೋಡಿದಾರಂತೆ."

"ಇಲ್ಲ, ಇಲ್ಲ," ಎಂದ ಅವನು ಕೊನೆಗೂ. ಅವನ ದನಿ ಕೇಳಿದ ಮೇಲೆ ಉಳಿದವರೂ ಹಿಂದೆ ಸರಿದರು.

ಈಚೆಯ ಗುಂಪನ್ನು ನೋಡಿ ಆಚೆ ದಡದಲ್ಲೂ ವಾಹನಗಳು ನಿಂತವು. ಒಂದು ಬಸ್ಸು ಬಂದು ನಿಂತಿತು, ಅದರ ಹಿಂದೆ ಇನ್ನೊಂದು. ಕಿಟಕಿಗಳಿಂದ ತಲೆಗಳು ಹೊರಬಂದವು. ಅಷ್ಟು ದೂರದಿಂದ ಯಾರ ಮುಖವೂ ಯಾರದೆಂದು ತಿಳಿಯುವಂತಿರಲಿಲ್ಲ. ಅವನು ಕೈ ಎತ್ತಿ ಬೀಸಿದ, ಬನ್ನಿ ಎಂದು. ಆಚೆಯಿಂದಲೂ ಯಾರೋ ಹಾಗೆಯೇ ಬೀಸಿದರು. ಬಾ ಎಂದೋ, ಬರಬೇಡ ಎಂದೋ.

ಒಂದು ಬೀದಿನಾಯಿ ಮಾತ್ರ ಏನೂ ತಿಳಿಯದೆ ಸೇತುವೆಯ ಮೇಲೆ ಹೊರಟಿತ್ತು. ನಡುಮಧ್ಯ ತಲುಪಿದಾಗ ಅದಕ್ಕೆ ಸುತ್ತಲಿನ ಮೌನ ಅರಿವಾಯಿತೇನೋ, ಗಕ್ಕನೆ ನಿಂತಿತು. ಮುಂದಿನ ಜನರನ್ನು ನೋಡಿತು, ಹಿಂದಿನ ಜನರನ್ನು ನೋಡಿತು. ಆಮೇಲೆ ಬಾಲ ಒಳಗೆಳೆದುಕೊಂಡು, ಗಟ್ಟಿಯಾದ ಆ ಕಲ್ಲಿಗೆ ಹೊಟ್ಟೆ ಒತ್ತಿ, ಅಲ್ಲೇ ಮುದುಡಿತು.