ತಪ್ಪದ ಕಂತು

ನನ್ನ ಗಂಡ ಹೋದ ಮೇಲೂ ಅವರ ಪಿಂಚಣಿ ಕಂತು ತಪ್ಪಲಿಲ್ಲ. ಪ್ರತಿ ತಿಂಗಳ ಮೊದಲ ವಾರ, ನಾನು ಹೊಲಿಗೆ ಮಿಷನ್ ಮುಂದೆ ಕೂತಿರುವಾಗ, ಮೊಬೈಲು ಗುಂಯ್ ಎನ್ನುತ್ತಿತ್ತು. 'ನಿಮ್ಮ ಈ ತಿಂಗಳ ವಂತಿಗೆ ಸಂದಾಯವಾಗಿದೆ. ಧನ್ಯವಾದ.' ಆ ಧನ್ಯವಾದ ಓದಿದರೆ ಮೈ ಉರಿಯುತ್ತಿತ್ತು.

ಅವರು ಪರದೇಶದ ಬಂದರಿನಲ್ಲಿ ಹಡಗು ರಿಪೇರಿಯ ವೆಲ್ಡರ್. ಅಲ್ಲಿ ದುಡಿಯುವವರು ಇಲ್ಲಿಯ ಪಿಂಚಣಿ ಆಫೀಸಿಗೆ ತಿಂಗಳು ತಿಂಗಳು ಕಂತು ಕಟ್ಟಬಹುದು. ಮುಪ್ಪಿನಲ್ಲಿ ಅವರಿಗೆ, ಅವರಿಲ್ಲದಿದ್ದರೆ ಹೆಂಡತಿ ಮಕ್ಕಳಿಗೆ ಹಣ ಬರುತ್ತದೆ. ಹೋಗುವಾಗ ಆಫೀಸಿಗೆ ನನ್ನ ಮೊಬೈಲ್ ನಂಬರನ್ನೇ ಕೊಟ್ಟಿದ್ದರು. ಒಂದು ಸಂಜೆ ಪಾಳಿ ಮುಗಿಸಿ ಇಳಿಯುವಾಗ ಹಡಗಿನ ಏಣಿಯಿಂದ ಜಾರಿ ನೀರಿಗೆ ಬಿದ್ದರಂತೆ. ಹೆಲ್ಮೆಟ್ಟು ಸಿಕ್ಕಿತು, ಅವರು ಸಿಗಲಿಲ್ಲ. ಹೆಣ ಸಿಗದ ಸಾವಿಗೆ ಸರ್ಟಿಫಿಕೇಟೂ ಸುಲಭಕ್ಕೆ ಸಿಗುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು.

ಅತ್ತೆಗೆ ಮಾತ್ರ ಮೆಸೇಜು ಬಂದ ದಿನ ಮುಖ ಅರಳುತ್ತಿತ್ತು. ದುಡಿಯದವನ ಕಂತು ಎಲ್ಲಿಂದ ಬರುತ್ತದೆ, ಮಗ ಎಲ್ಲೋ ಇದ್ದಾನೆ, ನಮ್ಮ ಮೇಲೆ ಮುನಿಸಿಕೊಂಡಿರಬೇಕು ಎನ್ನುತ್ತಿದ್ದರು. ನಾನು ನಂಬುತ್ತಿರಲಿಲ್ಲ. ಹಾಗಂತ ನಾನೇನು ದೊಡ್ಡ ಧೈರ್ಯವಂತೆಯಲ್ಲ. ಒಮ್ಮೆ ಮಾರ್ಕೆಟ್ಟಿನಲ್ಲಿ ಅವರದೇ ಬೆನ್ನು ಕಂಡಂತಾಗಿ, ತರಕಾರಿಯವಳ ಹತ್ತಿರ ಚೀಲ ಬಿಟ್ಟು ಹಿಂದೆ ಓಡಿದೆ. ತಿರುಗಿ ನೋಡಿದವನು ಯಾರೋ ಪೊದೆಮೀಸೆಯ ಆಸಾಮಿ. ಏನಮ್ಮಾ ಎಂದು ಕೇಳಿದ. ಏನೂ ಇಲ್ಲ ಎಂದು ಬಂದುಬಿಟ್ಟೆ.

ಮಗಳ ಕಾಲೇಜು ಫೀಸು ಕುತ್ತಿಗೆಗೆ ಬಂದಾಗ ಪಿಂಚಣಿ ಆಫೀಸಿನ ಮೆಟ್ಟಿಲು ಹತ್ತಿದೆ. ಕೌಂಟರಿನ ಗುಮಾಸ್ತ ಒಳ್ಳೆಯವನೇ. ಕೆಲವು ವರ್ಷ ಯಾವ ಸುಳಿವೂ ಇಲ್ಲದಿದ್ದರೆ ಕಾಣೆಯಾದವರನ್ನು ತೀರಿಕೊಂಡವರೆಂದು ಬರೆಯುತ್ತಾರೆ, ಆಮೇಲೆ ಹಣ ಬರುತ್ತದೆ ಎಂದು ತಿಳಿಸಿ ಹೇಳಿದ.

"ಆದ್ರೆ ಇವರು ಹೋದ ತಿಂಗಳೂ ಕಟ್ಟಿದಾರಲ್ಲಮ್ಮ. ಕಟ್ಟೋರನ್ನ ಕಾಣೆ ಅಂತ ಹೇಗೆ ಬರೀಲಿ?"

ಬೇರೆಯವರು ಕಟ್ಟಬಹುದೇ ಎಂದು ಕೇಳಿದೆ. ಖಾತೆ ನಂಬರು ಗೊತ್ತಿದ್ದರೆ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಎಂದ.

ಮನೆಗೆ ಬಂದವಳೇ ಕ್ರೇನಣ್ಣನಿಗೆ ಫೋನ್ ಹಚ್ಚಿದೆ. ಅವನು ಪರದೇಶದಲ್ಲಿ ನನ್ನ ಗಂಡನ ರೂಮಿನಲ್ಲೇ ಇದ್ದ ಕ್ರೇನ್ ಡ್ರೈವರ್, ಖಾತೆ ನಂಬರು ಗೊತ್ತಿದ್ದರೆ ಅವನಿಗೇ. ಆ ರೂಮಿನಲ್ಲೊಂದು ಪದ್ಧತಿಯಂತೆ: ಯಾರಾದರೂ ಕಾಯಿಲೆ ಬಿದ್ದರೆ ಉಳಿದವರು ಸೇರಿ ಅವನ ಕಂತು ಕಟ್ಟಬೇಕು. ನನ್ನ ಗಂಡನೂ ಎಷ್ಟೋ ಜನರಿಗೆ ಕಟ್ಟಿದ್ದರಂತೆ. ಈಗ ಅವರ ಕಂತನ್ನು ರೂಮಿನವರು ಸೇರಿ ಕಟ್ಟುತ್ತಿದ್ದರು. ಅವರ ಮಂಚಕ್ಕೂ ಯಾರನ್ನೂ ಸೇರಿಸಿಕೊಂಡಿರಲಿಲ್ಲ.

"ಒಂದು ತಪ್ಪಿದ್ರೂ ಹಿಂದೆ ಕಟ್ಟಿದ್ದೆಲ್ಲ ಮಣ್ಣುಪಾಲು ಅಂದ್ಕೊಂಡ್ವಿ ತಂಗಿ. ನಿಂಗೂ ಮಗೂಗೂ ಆಸರೆ ಆಗ್ಲಿ ಅಂತ" ಎಂದು ಅತ್ತುಬಿಟ್ಟ.

ಬೈಯೋಣ ಎಂದೇ ಫೋನ್ ಮಾಡಿದ್ದು. ಇಂಥವರನ್ನು ಏನೆಂದು ಬೈಯಲಿ? ಅವರ ಒಳ್ಳೆಯತನವೇ ನನ್ನ ಗಂಡನನ್ನು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂದು ಹಿಡಿದು ನಿಲ್ಲಿಸಿತ್ತು.

"ನಿಲ್ಲಿಸಿಬಿಡಿ ಅಣ್ಣ. ನೀವು ಕಟ್ಟೋವರೆಗೂ ಅವರು ಸಾಯಲ್ಲ."

ಹೇಳಿದ ಮೇಲೆ ನಾನೇ ಅವರನ್ನು ನೀರಿಗೆ ತಳ್ಳಿದಂತಾಯಿತು.

ಮುಂದಿನ ತಿಂಗಳ ಮೊದಲ ವಾರ ಮೊಬೈಲು ಸದ್ದು ಮಾಡಲಿಲ್ಲ. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡೇ ಕೂತರು. ಚಾರ್ಜು ಇದೆಯಾ ಎಂದು ಮಗಳನ್ನು ಮತ್ತೆ ಮತ್ತೆ ಕೇಳಿದರು. ಹುಷಾರಿಲ್ಲವೇನೋ ಅವನಿಗೆ ಎಂದರು. ಊಟದ ತಟ್ಟೆ ಹಾಗೇ ಉಳಿಯತೊಡಗಿತು. ನನಗೆ ಬೇಕಾದದ್ದು ಈ ಮೌನವೇ. ಆದರೂ ಮಿಷನ್ ತುಳಿಯುತ್ತಾ ಕಿವಿಯೆಲ್ಲ ಅತ್ತಲೇ ಇಟ್ಟಿದ್ದೆ.

ಆ ತಿಂಗಳ ಕಂತು ಕಟ್ಟುವ ಗಡುವಿನ ಕೊನೆಯ ದಿನ, ದಾರದುಂಡೆ ತರುತ್ತೇನೆಂದು ಸುಳ್ಳು ಹೇಳಿ ಆಫೀಸಿಗೆ ಹೋದೆ. ಖಾತೆ ನಂಬರು ಬಾಯಿಪಾಠವಾಗಿತ್ತು. ಗುಮಾಸ್ತ ನನ್ನ ಮುಖ ನೋಡಿದ.

"ಇವತ್ತು ಕಟ್ಟಿದ್ರೆ ಕಾಣೆಯಾದ ವರ್ಷಗಳನ್ನ ಮತ್ತೆ ಮೊದಲಿಂದ ಎಣಿಸಬೇಕಾಗುತ್ತಮ್ಮ. ಯೋಚನೆ ಮಾಡಿ."

ಮಗಳ ಫೀಸಿಗೆಂದು ಕೂಡಿಡುತ್ತಿದ್ದ ಹಣದಿಂದಲೇ ತೆಗೆದು ಕಟ್ಟಿದೆ.

ಮನೆ ಮುಟ್ಟುವಾಗ ಅತ್ತೆ ಮೊಬೈಲನ್ನು ಎದೆಗೊತ್ತಿಕೊಂಡು ಹೊಸ್ತಿಲಲ್ಲೇ ನಿಂತಿದ್ದರು.

"ಬಂತು ಕಣೇ" ಎಂದರು.

ಮೆಸೇಜು ಓದಿದೆ. ಕಟ್ಟಿ ಬಂದವಳು ನಾನೇ. ಆದರೂ ತಿರುಗಿ, ಬೀದಿಯ ಆ ತುದಿಯವರೆಗೆ ನೋಡಿದೆ.