ನೀವಬಾರದ ಕಾಲು

ಸಾರಿನಲ್ಲಿ ಉಪ್ಪು ಸಾಲದೆಂದು ಮಾವ ಚೌಡಯ್ಯನವರು ಅತ್ತೆಯನ್ನು ಜಗಲಿಯಿಂದ ಒದ್ದು ಬೀಳಿಸಿದ್ದರು. ಸೊಂಟದ ಕೀಲು ಪುಡಿಯಾಗಿ, ಮೈಸೂರಿನಲ್ಲಿ ಆಪರೇಷನ್ ಮಾಡಿ ಹೊಸ ಕೀಲು ಹಾಕಿದರು. ಹೇಗಾಯಿತೆಂದು ಡಾಕ್ಟರು ಕೇಳಿದಾಗ ಅತ್ತೆ, "ಬಚ್ಚಲಲ್ಲಿ ಜಾರಿ ಬಿದ್ದೆ ಕಣಪ್ಪ" ಎಂದರು. ನಾನು ನೆಲ ನೋಡುತ್ತ ನಿಂತಿದ್ದೆ.

ಮನೆಗೆ ಕಳಿಸುವಾಗ ನರ್ಸಮ್ಮ ಹೇಳಿದ್ದನ್ನು ಒಂದೂ ಬಿಡದೆ ನೆನಪಿಟ್ಟುಕೊಂಡೆ. ಮಲಗಿಸಿಯೇ ಇಡಬೇಡಿ. ಗಂಟೆಗೊಮ್ಮೆ ಪಾದ ಆಡಿಸಿ, ವಾಕರ್ ಹಿಡಿಸಿ ನಡೆಸಿ, ಇಲ್ಲದಿದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಮೀನಖಂಡ ಊದಿ ಬಿಸಿಯಾದರೆ ಎಣ್ಣೆ ಹಾಕಿ ನೀವಬೇಡಿ. ಹೆಪ್ಪು ಕಿತ್ತು ಎದೆಗೆ ಹೋದರೆ ಜೀವವೇ ಹೋಗುತ್ತೆ. ತಕ್ಷಣ ಕರೆತನ್ನಿ.

ನಮ್ಮೂರು ಚಿನಕುರಳಿಯಲ್ಲಿ ನಡೆದದ್ದು ಮಾವನ ಮಾತು. "ಮೂಳೆ ಮುರಿದೋಳು ನಲವತ್ತೆಂಟು ದಿನ ಮಿಸುಕಬಾರ್ದು" ಎಂದು ವಾಕರನ್ನು ಅಟ್ಟಕ್ಕೆ ಎಸೆದರು. ನಡೆಸಲು ಹೋದ ನನ್ನ ಕೆನ್ನೆಗೆ ಬಾರಿಸಿದರು. ಅವರು ಆಚೆ ಹೋದಾಗಷ್ಟೇ ಅತ್ತೆಯ ಪಾದ ಆಡಿಸುತ್ತಿದ್ದೆ. ಸಾಲಲಿಲ್ಲ.

ಹನ್ನೆರಡನೆಯ ದಿನ ಮೀನಖಂಡ ಊದಿ ಸುಡುತ್ತಿತ್ತು. ನನ್ನ ಗಂಡ ತಿಮ್ಮೇಶ ಕಲ್ಲು ಕ್ವಾರಿಗೆ ಹೋಗಿದ್ದ. ಗರಡಿಯಲ್ಲಿ ಪೈಲ್ವಾನರ ಮೈ ನೀವಿದ ಮಾವ ಹರಳೆಣ್ಣೆ ಕಾಯಿಸಿ ತಂದರು.

"ನರ ಹಿಡ್ಕಂಡದೆ. ಒಂದೇ ಪಟ್ಟಿಗೆ ಬುಡಿಸ್ತೀನಿ."

"ಬ್ಯಾಡಿ ಮಾವ. ನೀವಿದ್ರೆ ಸತ್ತೋಯ್ತಾರೆ."

"ಓಹೋ, ಮೂಗಿ ಬಾಯ್ಬುಟ್ಳು! ಆರ್ನೇ ಕ್ಲಾಸಿಗೇ ಇಸ್ಕೂಲು ಬುಟ್ಟೋಳು ನಂಗೇ ಏಳ್ಕೊಡಕ್ಕೆ ಬಂದವ್ಳೆ!"

ನನ್ನನ್ನು ಗೋಡೆಗೆ ನೂಕಿದರು. ತುಟಿ ಒಡೆದು ಬಾಯೆಲ್ಲ ಉಪ್ಪಾಯಿತು. ಅತ್ತೆ ಕಾಲು ಎಳೆದುಕೊಳ್ಳಲಾರದೆ ಚೀರಿದರು. ಎಣ್ಣೆಗೈ ಮೀನಖಂಡಕ್ಕೆ ತಾಗುವ ಮೊದಲೇ ಮೂಲೆಯ ಒನಕೆ ಎತ್ತಿ ಬೀಸಿದೆ. ಮಣಿಕಟ್ಟು ಲಟಕ್ಕೆಂದಿತು. ಅವರು ಎಡಗೈಯಲ್ಲಿ ನನ್ನ ಜಡೆ ಹಿಡಿದೆಳೆದರು. ಮೊಣಕಾಲಿಗೆ ಇನ್ನೊಂದು ಬೀಸಿದೆ. ಚೆಲ್ಲಿದ ಎಣ್ಣೆಯಲ್ಲಿ ಕುಸಿದರು.

"ಸಾಯಿಸ್ಬುಟ್ಳು ಕಣ್ರಪ್ಪೋ!"

ಮಾವನ ಕೂಗಿಗೆ ಪಕ್ಕದ ಮನೆಯ ಪಾರ್ವತಮ್ಮ ಓಡಿ ಬಂದರು. ಅತ್ತೆ ಮಲಗಿದಲ್ಲಿಂದಲೇ ಅಂದರು: "ಟೆಂಪೋ ಕರ್ಸವ್ವ. ಇಬ್ರಿಗೂ ಜಾಗ ಇರ್ಲಿ."

ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ನೋಡಿ, "ಯಾರಾದ್ರೂ ಉಜ್ಜಿದ್ರಾ?" ಎಂದರು.

"ಇಲ್ಲ" ಎಂದೆ, ಅವರ ಮುಖ ನೋಡಿ.

"ಒಳ್ಳೇದಾಯ್ತು. ಹೆಪ್ಪುಗಟ್ಟಿದೆ. ಇಂಜೆಕ್ಷನ್ ಶುರು ಮಾಡೋಣ. ಸರಿಯಾದ ಹೊತ್ತಿಗೆ ತಂದಿದ್ದೀರಿ." ಆಮೇಲೆ ಬೆಂಚಿನ ಕಡೆ ತಿರುಗಿದರು. "ಯಜಮಾನ್ರೇ, ನಿಮ್ಮ ಕೈಗೇನಾಯ್ತು?"

ಮಾವ ನನ್ನನ್ನು ನೋಡಿದರು. ಅತ್ತೆಯನ್ನು ನೋಡಿದರು. ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದರು.

"ಬಚ್ಚಲಲ್ಲಿ ಜಾರಿ ಬಿದ್ದೆ ಸಾ" ಎಂದರು ಮಾವ.