ತೊಟ್ಟಿಗೆ ಬಂದ ಇನ್ನೊಂದು ಏಡಿ

ಆಕೆ ಎಲ್ಲಿಗೆ ಹೊರಟರೂ ಕಾಲು ಮುಂದಕ್ಕೆ, ಮುಖ ಹಿಂದಕ್ಕೆ. ಬೀಗ ಹಾಕಿ ಮೂರು ಬಾರಿ ಜಗ್ಗಿ, ಬೀದಿಯ ತಿರುವಿನವರೆಗೆ ಹೋಗಿ, ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ದಡಬಡನೆ ಮರಳುವ ಆ ನಡಿಗೆಯನ್ನು ಕಂಡೇ ನೆರೆಯವರು ಗಾಬರಿಯಕ್ಕ ಎಂದು ಹೆಸರಿಟ್ಟಿದ್ದರು. ಮಾತು ಯಾವುದೇ ಇರಲಿ, ಕೊನೆಗೆ "ಏನೂ ಆಗಲ್ಲ ಅಲ್ವಾ?" ಎಂಬ ಬಾಲ ಇದ್ದೇ ಇರುತ್ತಿತ್ತು.

ಗಂಡ ಅಚ್ಚುಮನೆಯಲ್ಲಿ ಕರಡು ತಿದ್ದುವವರು. ಬಿಟ್ಟುಹೋದ ಒಂದು ಸೊನ್ನೆಯನ್ನೂ ಹಿಡಿಯುವ ಕಣ್ಣು. ಊಟದಲ್ಲಿ ಹೆಚ್ಚಾದ ಒಂದು ಹರಳು ಉಪ್ಪನ್ನೂ ಹಿಡಿಯುವ ನಾಲಗೆ. ನಡುಮನೆಯ ಗಾಜಿನ ತೊಟ್ಟಿ, ಅದರ ಎಂಟು ಮೀನು, ಒಂದು ಸಿಹಿನೀರಿನ ಏಡಿ ಅವರ ಹೆಮ್ಮೆ. ಬಂದವರಿಗೆಲ್ಲ "ಒಂದು ವರ್ಷದಿಂದ ಸಾಕಿದೀನಿ" ಎನ್ನುವರು. ನಲ್ಲಿನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು ಮರುದಿನ ತೊಟ್ಟಿಗೆ ಹೊತ್ತು ಸುರಿಯುವುದು, ಏಡಿ ಹತ್ತಿ ಕೂರಲು ನೀರಿನ ಮೇಲಕ್ಕೆ ಕಲ್ಲು ಪೇರಿಸುವುದು, ಅದು ತಪ್ಪಿಸಿಕೊಳ್ಳದಂತೆ ಮುಚ್ಚಳಕ್ಕೆ ಭಾರವಿಡುವುದು, ಹಸಿದರೆ ಮೀನಿಗೇ ಕೈ ಹಾಕೀತೆಂದು ಮೊದಲು ಅದರ ಹೊಟ್ಟೆ ತುಂಬಿಸುವುದು ಆಕೆಯ ಪಾಲು. ಅದಕ್ಕೆ ಸಾಕುವುದು ಎಂದು ಯಾರೂ ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋಗಿದ್ದಾಗ ನೋಡಿದರೆ ಏಡಿ ಅಂಗಾತ ಬಿದ್ದಿದೆ. ಕಣ್ಣು, ಕಾಲು, ತುಸು ಗಿಡ್ಡಗಿದ್ದ ಎಡ ಇಕ್ಕಳ, ಎಲ್ಲವೂ ಇವೆ, ಅಲುಗಾಟವಿಲ್ಲ. ಎರಡು ದಿನದ ಹಿಂದೆ ಬಕೆಟ್ಟನ್ನು ಸೋಪು ಹಾಕಿ ತೊಳೆದದ್ದು ನೆನಪಾಯಿತು. ನಾನೇ ಕೊಂದೆ. ಒರೆಸುವ ಬಟ್ಟೆಯಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ತುರುಕಿದಳು. ಗಂಡ ಕೆಲಸಕ್ಕೆ ಹೋದದ್ದೇ ತಡ, ಮೀನಿನಂಗಡಿಗೆ ಓಡಿ ಅಷ್ಟೇ ಗಾತ್ರದ ಇನ್ನೊಂದನ್ನು ತಂದು ಬಿಟ್ಟಳು.

ಸಂಜೆ ಗಂಡ ತೊಟ್ಟಿಯ ಮೇಲೆ ಬಾಗಿದರು.

"ನೋಡೇ, ಹೇಗೆ ಕಳೆ ಬಂದಿದೆ! ನೀನು ಸುಮ್ನೆ ಹೆದರ್ಕೊಂಡು ಸಾಯ್ತೀಯ."

ಮೂರನೆಯ ದಿನ ತೊಟ್ಟಿಯ ಮೂಲೆಯಲ್ಲಿದ್ದ ಮಡಕೆಯ ಚೂರಿನ ಅಡಿಯಿಂದ ಬಿಳಿಚಿದ ಒಂದು ಇಕ್ಕಳ ಹೊರಚಾಚಿತು. ಎಡಗಡೆಯದು, ತುಸು ಗಿಡ್ಡ. ಆಕೆ ಅಂಗಡಿಯವನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

"ಅಕ್ಕಾ, ಅದು ಸತ್ತಿಲ್ಲ, ಪೊರೆ ಕಳಚಿದೆ. ನೀವು ಎಸೆದಿದ್ದು ಬರೀ ಚಿಪ್ಪು. ಎಷ್ಟೋ ಸಲ ಅದನ್ನ ತಾನೇ ತಿಂದುಬಿಡತ್ತೆ, ಅದಕ್ಕೇ ನಿಮಗೆ ಕಂಡಿರಲ್ಲ. ಈಗ ಮೈಯೆಲ್ಲ ಮೆತ್ತಗಿರತ್ತೆ. ಬೇಗ ಬೇರೆ ಮಾಡಿ, ಹೊಸದು ತಿಂದ್ಹಾಕತ್ತೆ."

"ಮೊದಲೇ ಹೇಳಬಾರದಿತ್ತೇನಪ್ಪಾ?"

"ಕೇಳಿದ್ರೆ ತಾನೇ? ತರಕಾರಿ ಆರಿಸೋ ಹಾಗೆ ಆರಿಸ್ಕೊಂಡು ಓಡಿದ್ರಿ!"

ಹೊಸ ಏಡಿ ಆಗಲೇ ಚೂರಿನ ಮೇಲೆ ಹತ್ತಿತ್ತು. ಹುಳಕ್ಕೂ ಹೆದರುವ ಆಕೆ ಬರಿಗೈಯನ್ನು ನೀರಿಗಿಳಿಸಿದಳು. ಅದು ಬೆರಳು ಕಚ್ಚಿ ಹಿಡಿಯಿತು. ಕಚ್ಚಿಸಿಕೊಂಡೇ ಇನ್ನೊಂದು ಕೈಯಿಂದ ಹಳೆಯದನ್ನು ಸೌಟಿನಲ್ಲಿ ಎತ್ತಿದಳು. ಬಟ್ಟೆ ಒಗೆಯುವ ಕಡೆ, ಬೇಸನ್ನಿನಲ್ಲಿ ತೊಟ್ಟಿಯದೇ ನೀರು, ಎರಡು ಕಲ್ಲು, ಮೇಲೊಂದು ತಟ್ಟೆ. ಒಲೆಯ ಮೇಲಿನದು ಕುದಿಯುವಷ್ಟರಲ್ಲಿ ಎರಡು ಸಲ ಹೋಗಿ ಇಣುಕುವಳು: ಕಾಲು ಆಡುತ್ತಿದೆಯೇ, ಬಣ್ಣ ತಿರುಗುತ್ತಿದೆಯೇ? ಗಂಡ ತೊಟ್ಟಿಯತ್ತ ಹೋದಾಗಲೆಲ್ಲ ಈಗ ಗೊತ್ತಾಯಿತು, ಈಗ ಗೊತ್ತಾಯಿತು ಎಂದು ಎದೆ ಹೊಡೆದುಕೊಳ್ಳುವುದು. ಗೊತ್ತಾಗುತ್ತಿರಲಿಲ್ಲ. ಮೊದಮೊದಲು ಸದ್ಯ, ಬದುಕಿಕೊಂಡೆ ಎನ್ನಿಸಿತು. ಬರಬರುತ್ತ, ಇವರಿಗೆ ಗುರುತೇ ಸಿಗುತ್ತಿಲ್ಲವಲ್ಲ ಎಂದು ಆ ಸಮಾಧಾನವೇ ಮುಳ್ಳಿನಂತೆ ಚುಚ್ಚತೊಡಗಿತು.

ಒಂಬತ್ತನೆಯ ದಿನ ಕೈ ತೊಳೆಯಲು ಹೋದ ಗಂಡ ತಟ್ಟೆ ಎತ್ತಿದರು.

"ಏನೇ ಇದು? ಇನ್ನೊಂದು ಏಡಿ!"

"ಅದೇ ಹಳೇದು. ತೊಟ್ಟೀಲಿರೋದು ಹೊಸದು."

"ತಮಾಷೆ ಮಾಡ್ತೀಯಾ? ನನ್ನ ಏಡಿ ನನಗೆ ಗೊತ್ತಾಗಲ್ವೇನೇ?"

"ಒಂಬತ್ತು ದಿನ ಆಯ್ತು ರೀ, ಅದು ಮನೆಗೆ ಬಂದು."

ಅವರು ಬೇಸನ್ನಿಗೆ ಕೈ ಚಾಚಿದರು. "ಮುಟ್ಟಬೇಡಿ," ಎಂದಳು ಆಕೆ, ಮದುವೆಯಾದಾಗಿನಿಂದ ಆ ಮನೆ ಕೇಳಿರದ ದನಿಯಲ್ಲಿ. "ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ." ಚಾಚಿದ ಕೈ ಹಿಂದಕ್ಕೆ ಹೋಯಿತು.

ಇಂಥವರು ಮನೆಮನೆಯಲ್ಲೂ ಇದ್ದಾರೆ. ಪುಕ್ಕಲರೆಂದು ನಗುತ್ತೇವೆ, ಧೈರ್ಯ ಹೇಳುತ್ತೇವೆ. ನಾವು ಹೊರಬೇಕಿದ್ದ ಕಳವಳವನ್ನೂ ತಾವೇ ಹೊತ್ತು ತಿರುಗುತ್ತಿದ್ದಾರೆಂದು, ಆ ಹೆದರಿಕೆಯ ಕಾವಲಿನಲ್ಲೇ ಎಷ್ಟೋ ಜೀವಗಳು ಚಿಪ್ಪು ಬಲಿಯುವತನಕ ಉಳಿದುಕೊಂಡಿವೆಯೆಂದು ನಮಗೆ ತೋರುವುದೇ ಇಲ್ಲ. ಹೆದರದವರಿಗೆ ತಟ್ಟೆ ಎತ್ತಿ ನೋಡುವ ಪ್ರಮೇಯ ಬರುವುದೇ ಅಪರೂಪ.